ಒಂದು ಒಳ್ಳೆಯ ಕತ್ತೆ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಗುಂಡುಗುಂಡಾದ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ನಾಳೆ ಮಧ್ಯಾಹ್ನ ಅಪ್ಪ ಒಂದು ಒಳ್ಳೆಯ ಕತ್ತೆ ತರಬೇಕು."

ಬೆಳಿಗ್ಗೆ ಹಾಲು ತೆಗೆಯಲು ಹೋದ ಅಪ್ಪ ಅದನ್ನು ಓದಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದ. ಚೀಟಿ ಬರೆದದ್ದು ನಿನ್ನೆ. ಅಂದರೆ ಕತ್ತೆ ಬೇಕಾಗಿರುವುದು ಇವತ್ತೇ. ಅದೂ ಸುಮಾರಾದ ಕತ್ತೆಯಲ್ಲ, ಒಳ್ಳೆಯ ಕತ್ತೆ.

ಈ ಅಪ್ಪ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಮಗಳು ಗುಬ್ಬಿ ಮೂರನೆಯ ಕ್ಲಾಸು. ಮಾತಿಗೆ ನಿಂತರೆ ವಕೀಲರ ಬಾಯಿ ಮುಚ್ಚಿಸುವ ಹುಡುಗಿ. ಓದಲು ಕೂತರೆ ಮಾತ್ರ ಅಕ್ಷರಗಳು ಅವಳ ಜೊತೆ ಕಣ್ಣಾಮುಚ್ಚಾಲೆ ಶುರುಮಾಡುತ್ತಿದ್ದವು. ಅದರಲ್ಲೂ ಒತ್ತಕ್ಷರಗಳು ಮಹಾ ತುಂಟವು. ಇರಬೇಕಾದ ಕಡೆ ಇರದೆ ಅಮ್ಮನನ್ನು 'ಅಮ' ಮಾಡುತ್ತಿದ್ದವು. ಬೇಡದ ಕಡೆ ಹೋಗಿ ಕೂತು ಮನೆಯನ್ನು 'ಮನ್ನೆ' ಮಾಡುತ್ತಿದ್ದವು. ಅವಳ ಹೆಸರೇ ಅವಳ ಕೈಯಲ್ಲಿ ಎಷ್ಟೋ ದಿನ 'ಗುಬಿ' ಆಗಿತ್ತು.

ಕಣ್ಣಿನ ದೋಷವಿರಬೇಕೆಂದು ಅಪ್ಪ ಮೊದಲು ಅಂಗಡಿಯ ಗಾಜುಗಳನ್ನೆಲ್ಲ ಅವಳ ಮೂಗಿನ ಮೇಲೆ ಏರಿಸಿ ನೋಡಿದ್ದ. ಕಣ್ಣು ಹದ್ದಿನ ಕಣ್ಣಿನ ಹಾಗಿತ್ತು. ಕೊನೆಗೆ ಶಾಲೆಗೆ ವಾರಕ್ಕೊಮ್ಮೆ ಬರುವ ವಿಶೇಷ ಟೀಚರ್ ಅವನನ್ನು ಕೂರಿಸಿಕೊಂಡು ಹೇಳಿದ್ದರು: "ಕಣ್ಣು ಸರಿಯಿದೆ, ಬುದ್ಧಿ ಎಲ್ಲರಿಗಿಂತ ಚುರುಕಿದೆ. ಅಕ್ಷರ ಕಣ್ಣಿಂದ ತಲೆಗೆ ಹೋಗೋ ದಾರಿ ಮಾತ್ರ ಇವಳಿಗೆ ಸ್ವಲ್ಪ ಸುತ್ತು. ಅವಸರ ಮಾಡಬೇಡಿ. ಮನೇಲಿ ಕೆಂಪು ಪೆನ್ನು ಬೇಡ. ಬರೆದಿದ್ದನ್ನ ಮೊದಲು ನಂಬಿ, ಆಮೇಲೆ ನೋಡಿ."

ಅಂದಿನಿಂದ ಆ ಮನೆಯಲ್ಲಿ ಓದುವ ವಿಧಾನವೇ ಬೇರೆಯಾಯಿತು. ತಟ್ಟೆಯಲ್ಲಿ ಮರಳು ಹರಡಿ ಬೆರಳಿಂದ ಬರೆಯುವುದು, ಒತ್ತು ಬಂದ ಕಡೆ ಕಾಲು ನೆಲಕ್ಕೆ ಕುಟ್ಟುವುದು. ಗುಬ್ಬಿ ಒಬ್ಬಳೇ ಕುಟ್ಟಿದರೆ ಬೇಜಾರು ಎಂದು ಅಪ್ಪ ಅಮ್ಮನೂ ಕುಟ್ಟುತ್ತಿದ್ದರು. 'ಅಣ್ಣ ತಮ್ಮ ಬೆಟ್ಟ ಹತ್ತಿದರು' ಎಂಬ ಪಾಠದ ದಿನ ಕೆಳಮನೆಯ ಸೂರಿನ ಗಾರೆ ಉದುರಿತ್ತು.

ಹೀಗಿರುವಾಗ ಹೋದ ತಿಂಗಳು ಮನೆಗೆ ಬಂದ ನೆಂಟರೊಬ್ಬರು ಗುಬ್ಬಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಗುಬ್ಬಿ ಪೆನ್ಸಿಲ್ಲನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತುಬಿಟ್ಟಳು, ಮತ್ತೆ ಬರೆಯಲೇ ಇಲ್ಲ. ಕ್ಲಾಸಿನಲ್ಲಿ ಓದು ಎಂದರೂ ಬಾಯಿ ಬಿಡಲಿಲ್ಲ. ಇಷ್ಟು ದಿನಗಳ ಮೇಲೆ ಅವಳು ತಾನಾಗಿ ಬರೆದ ಮೊದಲ ವಾಕ್ಯವೇ ಫ್ರಿಜ್ಜಿನ ಮೇಲಿದ್ದ ಈ ವಾಕ್ಯ.

ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಗುಬ್ಬಿ ಅಡುಗೆಮನೆಗೆ ಓಡಿಬಂದಳು.

"ಅಪ್ಪಾ, ಓದಿದ್ಯಾ? ಬೋರ್ಡ್ ನೋಡಿ ನಾನೇ ಬರ್ಕೊಂಡೆ. ಯಾರನ್ನೂ ಕೇಳಲಿಲ್ಲ!"

"ಓದಿದೆ ಪುಟ್ಟಾ. ಕತ್ತೆ... ಯಾತಕ್ಕಂತೆ?"

"ಗೊತ್ತಿಲ್ಲ. ಬೆಲ್ ಹೊಡೀತು, ಎಲ್ಲಾರೂ ಓಡಿಹೋದ್ರು. ನಾನು ಬರೀತಾ ಕೂತಿದ್ದೆ." ಅಷ್ಟರಲ್ಲಿ ಅವಳಿಗೆ ಅಪ್ಪನ ಮುಖ ಕಾಣಿಸಿತು. ಬ್ರಷ್ಷು ನಿಂತಿತು. "ತಪ್ಪಾಗಿದ್ಯಾ?"

"ಏ, ಎಲ್ಲಿ ತಪ್ಪು? ಎಲ್ಲಾ ಸರಿಯಾಗಿದೆ."

"ಹಾಗಾದ್ರೆ ತರ್ತೀಯಾ?"

ಹಿಂದೆ ನಿಂತಿದ್ದ ಹೆಂಡತಿ ಹುಬ್ಬೇರಿಸಿದಳು. ಅಪ್ಪ ಒಂದು ಸಲ ಚೀಟಿಯನ್ನೂ ಒಂದು ಸಲ ಮಗಳನ್ನೂ ನೋಡಿ, "ತರ್ತೀನಿ," ಅಂದುಬಿಟ್ಟ.

ಗುಬ್ಬಿ ಹಾರುತ್ತ ಶಾಲೆಯ ವ್ಯಾನು ಹತ್ತಿ ಹೋದ ಮೇಲೆ ಅವನು ಮೊಬೈಲು ತೆಗೆದು ಕ್ಲಾಸಿನ ಪೋಷಕರ ಗುಂಪಿನಲ್ಲಿ ಕೇಳಿದ: ಇವತ್ತು ಏನು ತರಬೇಕಂತೆ? ಶುಭೋದಯದ ಹೂವಿನ ಚಿತ್ರಗಳ ಮಧ್ಯದಿಂದ ಒಬ್ಬ ತಂದೆಯ ಉತ್ತರ ಬಂತು: "ಕತೆ ಸಾರ್. ಅಪ್ಪಂದಿರೆಲ್ಲ ಒಂದೊಂದು ಒಳ್ಳೆ ಕತೆ ಹೇಳ್ಬೇಕಂತೆ. ನಮ್ಮ ಹುಡುಗ ಬರ್ಕೊಂಡು ಬಂದಿದಾನೆ." ಅದರ ಹಿಂದೆಯೇ ಹತ್ತಾರು ಹೆಬ್ಬೆರಳುಗಳು ಹೌದೆಂದು ಎದ್ದು ನಿಂತವು.

"ಗೊತ್ತಿದ್ದಿದ್ದೇ," ಅಂದಳು ಹೆಂಡತಿ. ಅವಳು ಊರಿನ ಬಸ್ಸು ಓಡಿಸುವವಳು; ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮಾತಾಡಿದಳು. "ಕತೆಗೆ ಒಂದು ಒತ್ತು ಜಾಸ್ತಿಯಾಗಿದೆ. ಹೋಗಿ ಯಾವುದಾದ್ರೂ ಕತೆ ಹೇಳಿ ಬನ್ನಿ."

"ಗುಬ್ಬಿ ಬಾಗಿಲಲ್ಲೇ ಕತ್ತೆಗೆ ಕಾಯ್ತಾ ಇರ್ತಾಳೆ ಕಣೇ."

ಗುಂಡಿ ಹಾಕುತ್ತಿದ್ದ ಕೈ ನಿಂತಿತು. "ಅದೂ ಹೌದು. ಅಷ್ಟು ಜನರೆದುರು ಬರಿಗೈಯಲ್ಲಿ ಹೋದ್ರೆ ನಾನು ತಪ್ಪು ಬರೆದಿದೀನಿ ಅಂತ ಅವಳಿಗೆ ಗೊತ್ತಾಗಿಬಿಡತ್ತೆ. ಪೆನ್ಸಿಲ್ಲು ಮತ್ತೆ ಹಿಟ್ಟಿನ ಡಬ್ಬಿಗೆ."

"ಈಗೇನು ಮಾಡ್ಲಿ?"

"ಮಾತು ಕೊಟ್ಟೋರು ನೀವು, ನೀವೇ ನೋಡ್ಕೊಳ್ಳಿ. ನಂಗೆ ಬಸ್ಸಿದೆ," ಎಂದು ಅವಳು ಮೆಟ್ಟಿಲಿಳಿದೇಬಿಟ್ಟಳು.

ಅಪ್ಪ ಶಾಲೆಗೆ ಫೋನು ಮಾಡಿದ. ವಿಶೇಷ ಟೀಚರ್ ಬರುವ ದಿನ ಅದಲ್ಲವಂತೆ. ಕ್ಲಾಸ್ ಟೀಚರ್ ಪಾಠದಲ್ಲಿದ್ದಾರಂತೆ. "ಒಂದೇ ಮಾತು ಹೇಳಿ," ಎಂದ ಅಪ್ಪ, ಫೋನಿನ ಗರಗರ ಸದ್ದಿನ ನಡುವೆ ಕೂಗಿದ, "ಕತ್ತೆನಾ?"

"ಯಾರಿಗ್ರೀ ಕತ್ತೆ ಅಂತೀರಾ?" ಎಂದು ಅತ್ತಲಿಂದ ಆಫೀಸಿನವರು ಫೋನು ಕುಕ್ಕಿದರು.

ಮೆಟ್ಟಿಲ ಬುಡದಲ್ಲಿ ಕೆಳಮನೆಯ ಕರಡಜ್ಜ ಕಾದು ನಿಂತಿದ್ದರು. ಜೀವನವಿಡೀ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕೆಲಸ ಬಿಟ್ಟರೂ ಚಟ ಬಿಟ್ಟಿರಲಿಲ್ಲ. ಔಷಧಿ ಬಾಟಲಿಯ ಮೇಲಿನ ಚೀಟಿಯನ್ನೂ ತಿದ್ದಿಯೇ ಔಷಧಿ ಕುಡಿಯುವವರು. ಮೇಲುಮನೆಯ ಮಾತು ಸೂರಿನ ಬಿರುಕಿನಿಂದ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು.

"ಸ್ಪಷ್ಟವಾದ ತಪ್ಪು," ಅಂದರು ಅಜ್ಜ, ಕಿವಿಯ ಮೇಲಿನ ಕೆಂಪು ಪೆನ್ನು ಮುಟ್ಟಿಕೊಂಡು. "ಒತ್ತು ಹೊಡೆದುಹಾಕಿದ್ರೆ ಮುಗೀತು. ಅಷ್ಟಕ್ಕೆ ಇಡೀ ಕತ್ತೆ ತರೋರುಂಟಾ?"

"ಹೊಡೆದುಹಾಕಿದ್ರೆ ಮಗು ಮನಸ್ಸಿಗೆ ನೋವಾಗುತ್ತೆ ಅಜ್ಜ."

"ತಪ್ಪು ತಿದ್ದದೇ ಇದ್ರೆ ಭಾಷೆಗೆ ನೋವಾಗುತ್ತೆ!"

"ಭಾಷೆ ದೊಡ್ಡದು, ತಡ್ಕೊಳ್ಳುತ್ತೆ. ಗುಬ್ಬಿ ಚಿಕ್ಕೋಳು," ಎಂದು ಅಪ್ಪ ನಡೆದ. ಅಂಥ ಉತ್ತರ ತನ್ನ ಬಾಯಿಂದ ಬಂದದ್ದಕ್ಕೆ ಬೀದಿಯ ತಿರುವಿನ ತನಕ ಅವನಿಗೇ ಆಶ್ಚರ್ಯವಾಗುತ್ತಿತ್ತು. ತಿರುವು ದಾಟಿದ ಮೇಲೆ ಕತ್ತೆಯ ಯೋಚನೆ ಮತ್ತೆ ಹೆಗಲೇರಿತು.

ಅಂಗಡಿಯ ಯಜಮಾನರು ಓದಲು ಒಂದು, ದೂರಕ್ಕೆ ಒಂದು, ನೋಡಿದವರಿಗೆ ಚೆನ್ನಾಗಿ ಕಾಣಲಿ ಎಂದು ಇನ್ನೊಂದು, ಹೀಗೆ ಮೂರು ಕನ್ನಡಕ ಇಟ್ಟುಕೊಂಡವರು. ರಜೆ ಎಂದ ಕೂಡಲೇ ಮೂರನ್ನೂ ಒಂದಾದ ಮೇಲೊಂದು ಹಾಕಿಕೊಂಡು ಅಪ್ಪನನ್ನು ನೋಡಿದರು.

"ಅರ್ಧ ದಿನ ರಜೆನಾ? ಯಾಕೆ?"

"ಕತ್ತೆ ಹುಡುಕಬೇಕು ಸಾರ್. ಶಾಲೆಗೆ."

"ಶಾಲೇಲಿ ಇಲ್ವಾ?" ಎಂದರು ಯಜಮಾನರು, ಚಿಕ್ಕಂದಿನಲ್ಲಿ ತಮ್ಮನ್ನು ಮಾಸ್ತರು ಕರೆಯುತ್ತಿದ್ದ ಬಗೆ ನೆನಪಾಗಿ.

ಅಪ್ಪ ಎಲ್ಲವನ್ನೂ ಹೇಳಿದ. ಅಂಗಡಿಯೆಂದರೆ ಅಂಗಡಿ, ಹೇಳಿದ್ದು ಒಬ್ಬರಿಗೆ, ಕೇಳಿದ್ದು ಎಲ್ಲರೂ. ಕಣ್ಣು ಪರೀಕ್ಷೆ ಮಾಡುವ ಅಕ್ಕ ಕತ್ತಲಕೋಣೆಯಿಂದಲೇ, "ನಾಯಿಗೆ ಉದ್ದ ಕಿವಿ ಕಟ್ಕೊಂಡು ಹೋಗಿ!" ಎಂದು ಕೂಗಿದಳು. ಅವಳ ಮುಂದೆ ಕೂತಿದ್ದವರು ಗೋಡೆಯ ಮೇಲಿನ ಅಕ್ಷರ ಓದುವುದನ್ನು ನಿಲ್ಲಿಸಿ, "ಕತ್ತೆ ಚಿತ್ರ ಸಾಕಾಗಲ್ವಾ?" ಎಂದರು. ಕನ್ನಡಿಯ ಮುಂದೆ ಕನ್ನಡಕದ ಕಟ್ಟು ಹಾಕಿ ನೋಡುತ್ತಿದ್ದ ದಪ್ಪ ಮೀಸೆಯ ಗಿರಾಕಿಯೊಬ್ಬರು ಮಾತ್ರ ತಿರುಗಿ ಗಂಭೀರವಾಗಿ ಹೇಳಿದರು: "ದಿಬ್ಬದ ಬೀದೀಲಿ ಮನೆ ಕಟ್ತಾ ಇದಾರೆ. ಲಾರಿ ಹತ್ತಲ್ಲ. ಮರಳು ಹೊರೋಕೆ ಒಬ್ಬ ತಾತ ಕತ್ತೆ ಇಟ್ಕೊಂಡಿದಾನೆ. ಅಂದ ಹಾಗೆ ಈ ಕಟ್ಟು ನನಗೆ ಒಪ್ಪುತ್ತಾ?"

"ನಿಮಗೇ ಮಾಡಿಸಿದ ಹಾಗಿದೆ," ಎಂದು ಅಪ್ಪ ನೋಡದೆಯೇ ಹೇಳಿ ಓಡಿದ. ಅದು ಹೆಂಗಸರ ಕಟ್ಟು ಎಂದು ಯಜಮಾನರು ಬಾಗಿಲ ತನಕ ಬಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ದಿಬ್ಬದ ಬೀದಿಯ ಮೇಲ್ತುದಿಯಲ್ಲಿ ಅರ್ಧ ಎದ್ದ ಮನೆ, ಕೆಳತುದಿಯಲ್ಲಿ ಮರಳಿನ ರಾಶಿ, ಎರಡರ ನಡುವೆ ಕತ್ತೆ. ಬೂದಿ ಬಣ್ಣ, ಬಿಳಿ ಮೂತಿ, ಅರ್ಧ ಮುಚ್ಚಿದ ಕಣ್ಣು. ನೋಡಿದರೆ ಒಳ್ಳೆಯ ಕತ್ತೆಯೆಂದೇ ತೋರುತ್ತಿತ್ತು. ಆದರೂ ಅಪ್ಪ ಕೇಳಿಬಿಡುವುದು ಒಳ್ಳೆಯದೆಂದುಕೊಂಡ.

"ತಾತ, ಇದು ಒಳ್ಳೇ ಕತ್ತೆನಾ?"

ಮರಳಿನ ತಾತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಂಗಿಂತ ಒಳ್ಳೇದು. ಯಾಕೆ?"

ಅಪ್ಪ ಬೆಳಗಿನಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ವಿಷಯವನ್ನು ಇನ್ನೊಮ್ಮೆ ಹೇಳಿದ. ತಾತ ಎಲ್ಲವನ್ನೂ ಕೇಳಿ ತಲೆದೂಗಿದ.

"ಮಗು ಕೇಳಿದೆ ಅಂದ್ಮೇಲೆ ಇಲ್ಲ ಅನ್ನಲ್ಲ. ಆದ್ರೆ ಕತ್ತೆ ಶಾಲೆಗೆ ಹೋದ್ರೆ ಇಲ್ಲಿ ಅದರ ಕೆಲಸ ಯಾರು ಮಾಡ್ತಾರೆ? ಸಂಜೆ ಒಳಗೆ ಈ ರಾಶಿ ಮೇಲಕ್ಕೆ ಹೋಗ್ಬೇಕು ಅಂತ ಮೇಸ್ತ್ರಿ ಹೇಳಿದಾನೆ."

ಅಪ್ಪ ಮರಳಿನ ರಾಶಿ ನೋಡಿದ, ದಿಬ್ಬ ನೋಡಿದ, ಇಸ್ತ್ರಿ ಮಾಡಿದ ತನ್ನ ಅಂಗಿ ನೋಡಿದ. ಆಮೇಲೆ ತೋಳು ಮಡಚಿದ. ಕತ್ತೆ ಚಾಕರಿ ಎಂಬ ಮಾತನ್ನು ಅವನು ಲೆಕ್ಕವಿಲ್ಲದಷ್ಟು ಸಲ ಆಡಿದ್ದ. ಕತ್ತೆಯ ಬದಲಿಗೆ ನಿಂತು ಮಾಡಿದ್ದು ಮಾತ್ರ ಅದೇ ಮೊದಲು. ಗಾಜಿನ ಚೂರಿಗಿಂತ ಭಾರವಾದದ್ದನ್ನು ಎತ್ತಿ ಅಭ್ಯಾಸವಿಲ್ಲದ ಹೆಗಲು ಮೊದಲ ಮೂಟೆಗೇ ಅಯ್ಯೋ ಎಂದಿತು. ಎರಡನೆಯದಕ್ಕೆ ಮಂಡಿಗಳು ತಮ್ಮತಮ್ಮೊಳಗೆ ಜಗಳಕ್ಕೆ ಬಿದ್ದವು. ಕತ್ತೆ ಮರದ ನೆರಳಲ್ಲಿ ನಿಂತು ಅವನು ಏರುವುದನ್ನೂ ಇಳಿಯುವುದನ್ನೂ ಮೇಸ್ತ್ರಿಯ ಗತ್ತಿನಿಂದ ನೋಡಿತು.

"ಮೂಟೇನ ಬೆನ್ನಿನ ಮಧ್ಯಕ್ಕೆ ತಗೊಳ್ಳಿ," ಎಂದು ತಾತ ಕೂತಲ್ಲಿಂದಲೇ ಕಲಿಸಿದ. "ಅದನ್ನ ನೋಡಿ ಕಲೀರಿ."

ಆ ಹೊತ್ತಿಗೆ ಸರಿಯಾಗಿ ಹಳೆಯ ಗಿರಾಕಿಯೊಬ್ಬರು ಆ ದಾರಿಯಲ್ಲಿ ಬಂದರು. "ಏನ್ರೀ, ಕನ್ನಡಕದ ಕೆಲಸ ಬಿಟ್ರಾ?"

"ಇಲ್ಲ, ಇವತ್ತು ಕತ್ತೆ ರಜೆ," ಎಂದ ಅಪ್ಪ ಏದುಸಿರಿನಲ್ಲಿ. ಗಿರಾಕಿ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು ನೋಡಿ ಹೊರಟುಹೋದರು.

ರಾಶಿಯ ಮುಕ್ಕಾಲು ಪಾಲು ಮೇಲೇರಿದ ಮೇಲೆ ತಾತನಿಗೇ ಕನಿಕರವಾಯಿತು. "ಸಾಕು ಬಿಡಿ. ಉಳಿದಿದ್ದು ನಾನು ನೋಡ್ಕೋತೀನಿ. ನಿಧಾನಕ್ಕೆ ಕರ್ಕೊಂಡು ಹೋಗಿ. ಹೆದರಿಸಬೇಡಿ, ಬೈಬೇಡಿ. ಅದಕ್ಕೆ ಮರ್ಯಾದೆ ಜಾಸ್ತಿ," ಎಂದು ಹಗ್ಗ ಕೈಗಿಟ್ಟ.

ಕತ್ತೆ ದಿಬ್ಬ ಇಳಿಯುವ ತನಕ ಮದುವಣಗಿತ್ತಿಯ ಹಾಗೆ ತಗ್ಗಿಸಿದ ತಲೆ ಎತ್ತದೆ ಬಂತು. ದೊಡ್ಡ ರಸ್ತೆಯ ನಟ್ಟನಡುವೆ ಬಂದ ಮೇಲೆ ಅದಕ್ಕೆ ಏನು ಹೊಳೆಯಿತೋ, ನಿಂತುಬಿಟ್ಟಿತು. ಅಪ್ಪ ಎಳೆದ, ನೂಕಿದ, ಕಿವಿಯಲ್ಲಿ ಬೇಡಿಕೊಂಡ. ಜನ ಸೇರಿದರು. ಬಾಲ ಹಿಡಿಯಿರಿ ಎಂದರು ಒಬ್ಬರು, ಕಣ್ಣು ಮುಚ್ಚಿ ಎಂದರು ಇನ್ನೊಬ್ಬರು. ಯಾರ ಕಣ್ಣು ಎಂದು ಹೇಳಲಿಲ್ಲ. ಹಿಂದೆ ಒಂದು ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಕಿಟಕಿಯಿಂದ ಡ್ರೈವರು ತಲೆ ಹೊರಹಾಕಿ, "ಯಾರ್ರೀ ಅದು ನನ್ನ ದಾರೀಲಿ ಕತ್ತೆ ನಿಲ್ಸಿರೋದು?" ಎಂದು ಗದರಿ, ಕೂಡಲೇ, "ಅಯ್ಯೋ, ನಮ್ಮೋರೇ!" ಎಂದಳು.

"ಇದು ಬರ್ತಾನೇ ಇಲ್ಲ ಕಣೇ! ಅಲ್ಲಿ ಹೊತ್ತಾಯ್ತು!" ಎಂದ ಅಪ್ಪ, ಇನ್ನೇನು ಅಳುವವನ ಹಾಗೆ.

ಬಸ್ಸಿನ ಮುಂದಿನ ಸೀಟಿನಲ್ಲಿ ಕರಡಜ್ಜ ಕೂತಿದ್ದರು. ಶಾಲೆಯಲ್ಲಿ ಏನಾಗುತ್ತದೆಂದು ಕಣ್ಣಾರೆ ನೋಡದಿದ್ದರೆ ಅವರಿಗೆ ತಿಂದದ್ದು ಅರಗುವ ಹಾಗಿರಲಿಲ್ಲ. ಅವರು ಎದ್ದು ನಿಂತು ಪ್ರಯಾಣಿಕರಿಗೆಲ್ಲ ವಿಷಯವನ್ನು ಒತ್ತಿನ ಸಮೇತ ವಿವರಿಸಿದರು. ಕೇಳಿದ್ದೇ ಬಸ್ಸಿನಲ್ಲಿ ಕಿವಿಗಡಚಿಕ್ಕುವ ಚರ್ಚೆಯಾಯಿತು. ಅರ್ಧ ಬಸ್ಸು ಕತೆಯ ಕಡೆ, ಅರ್ಧ ಬಸ್ಸು ಕತ್ತೆಯ ಕಡೆ. ಆದರೆ ಮಗುವಿಗೆ ಕೊಟ್ಟ ಮಾತು ತಪ್ಪಬಾರದು ಎನ್ನುವುದರಲ್ಲಿ ಎಲ್ಲರೂ ಒಂದೇ.

"ಹಾಗಾದ್ರೆ ಶಾಲೆ ಬೀದಿ ಮೇಲೆ ಹೋಗ್ಲಾ?" ಎಂದು ಡ್ರೈವರು ಕೇಳಿದಳು. "ಹೋಗಮ್ಮಾ!" ಎಂದು ಇಡೀ ಬಸ್ಸು ಕೂಗಿತು. ಅವಳು ಹಾರ್ನಿನ ಮೇಲೆ ಅಂಗೈ ಊರಿದಳು. ಕತ್ತೆ ನೆಲ ಬಿಟ್ಟು ಒಂದು ಮೊಳ ಮೇಲೆ ಹಾರಿ, ಇಳಿದದ್ದೇ ಓಡತೊಡಗಿತು. ಮುಂದೆ ಕತ್ತೆ, ಹಗ್ಗದ ತುದಿಯಲ್ಲಿ ಅಪ್ಪ, ಹಿಂದೆ ಹಾರ್ನು ಹೊಡೆಯುತ್ತ ಬಸ್ಸು. ಶಾಲೆಯ ಗೇಟು ಬರುವಾಗ ಅಪ್ಪನ ಒಂದು ಚಪ್ಪಲಿ ಯಾವುದೋ ತಿರುವಿನಲ್ಲಿ ಉಳಿದುಹೋಗಿತ್ತು.

ಗುಬ್ಬಿ ಬಾಗಿಲಲ್ಲೇ ಇದ್ದಳು. ಕತ್ತೆಯನ್ನು ಕಂಡದ್ದೇ ಅವಳ ಮುಖ ಅರಳಿದ ಬಗೆ ನೋಡಿ, ಹೊತ್ತ ಮರಳೆಲ್ಲ ಹೆಗಲಿಂದ ಇಳಿದುಹೋದ ಹಾಗಾಯಿತು ಅಪ್ಪನಿಗೆ.

ಆದರೆ ಕ್ಲಾಸಿನ ಒಳಗೆ ಬೇರೆಯೇ ನೋಟ. ಅಪ್ಪಂದಿರೆಲ್ಲ ಮಕ್ಕಳ ಪುಟಾಣಿ ಕುರ್ಚಿಗಳಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತು ತಮ್ಮ ತಮ್ಮ ಕತೆ ನೆನಪು ಮಾಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಬಿಳಿ ಮೂತಿಯೊಂದು ತೂರಿಬಂದಾಗ ಎಲ್ಲರೂ ಅತ್ತ ತಿರುಗಿದರು.

"ಇದೇನಿದು?" ಎಂದರು ಕ್ಲಾಸ್ ಟೀಚರ್. ದನಿ ಏರಿಸದೆ ಕ್ಲಾಸು ನಡುಗಿಸುವ ಹೆಂಗಸು.

"ಕತ್ತೆ ಮೇಡಂ. ಒಳ್ಳೇದೇ ತಂದಿದೀನಿ."

ಕ್ಲಾಸು ಭೋರೆಂದು ನಕ್ಕಿತು. ಅಪ್ಪಂದಿರು ಪುಟ್ಟ ಕುರ್ಚಿಗಳಿಂದ ಉರುಳುವ ಹಾಗೆ ನಕ್ಕರು. "ಕತೆ ಅಂದ್ರೆ ಕತ್ತೆ ತಂದಿದಾರೆ!" ಎಂದಿತು ಒಂದು ದನಿ. "ಗುಬ್ಬಿ ಬರ್ಕೊಂಡಿರ್ಬೇಕು!" ಎಂದಿತು ಇನ್ನೊಂದು. ಗುಬ್ಬಿಯ ಮುಖದಲ್ಲಿದ್ದ ಬೆಳಕು ನೋಡುನೋಡುತ್ತ ಇಳಿಯಿತು. ಅವಳು ಕತ್ತೆಯ ಕುತ್ತಿಗೆ ಹಿಡಿದುಕೊಂಡು ನೆಲ ನೋಡತೊಡಗಿದಳು.

ಅಪ್ಪ ಒಂಟಿ ಚಪ್ಪಲಿಯಲ್ಲೇ ಒಂದು ಹೆಜ್ಜೆ ಮುಂದೆ ಬಂದ.

"ಅವಳದೇನೂ ತಪ್ಪಿಲ್ಲ," ಎಂದ ಗಟ್ಟಿಯಾಗಿ. "ಅವಳು ಸರಿಯಾಗೇ 'ಕತೆ' ಅಂತ ಬರೆದಿದ್ಲು. ನಾನೇ ತಪ್ಪಾಗಿ ಓದ್ಕೊಂಡೆ. ನಂಗೆ ಒತ್ತು ಸರಿಯಾಗಿ ಬರಲ್ಲ."

ನಗು ತಣ್ಣಗಾಯಿತು. ಆದರೆ ಗುಬ್ಬಿ ತಲೆ ಎತ್ತಿದಳು; ಕಣ್ಣಲ್ಲಿ ನೀರಿಗಿಂತ ಕೋಪ ಹೆಚ್ಚಿತ್ತು.

"ಅಪ್ಪಾ, ಸುಳ್ಳು ಹೇಳ್ಬೇಡ! ನೀನು ಸರಿಯಾಗೇ ಓದಿದೀಯ. ನಾನು ಬರೆದಿದ್ದು ಕತ್ತೆ ಅಂತಾನೇ. ಅಲ್ಲಿ ಹಾಗೇ ಇದೆ!"

ಅವಳು ಎಲ್ಲರ ನಡುವೆ ನಡೆದು ಬೋರ್ಡಿನ ಹತ್ತಿರ ಹೋದಳು. ಮೂಲೆಯಲ್ಲಿ ನಿನ್ನೆ ಬರೆದ ಸಾಲು ಹಾಗೇ ಇತ್ತು. ಅಳಿಸಬಾರದೆಂದು ಟೀಚರ್ ಸುತ್ತ ಚೌಕ ಹಾಕಿದ್ದರು. ಇಡೀ ತಿಂಗಳು ಕ್ಲಾಸಿನಲ್ಲಿ ಬಾಯಿಬಿಡದ ಹುಡುಗಿ ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು.

"ನಾ-ಳೆ. ಮ-ಧ್ಯಾ-ಹ್ನ." ಎರಡು ಸಲ ಕಾಲು ಕುಟ್ಟಿದಳು. "ಅ-ಪ್ಪ." ಕುಟ್ಟಿದಳು. "ಒಂ-ದು. ಒ-ಳ್ಳೆ-ಯ." ಕುಟ್ಟಿದಳು. ಆಮೇಲೆ ಉಸಿರೆಳೆದುಕೊಂಡು, "ಕ-ತ್ತೆ!" ಎಂದು ಕುಟ್ಟಿದ ರಭಸಕ್ಕೆ ಕಿಟಕಿಯ ಗಾಜು ಅದುರಿತು.

ಬಾಗಿಲಲ್ಲಿ ನಿಂತಿದ್ದ ಕರಡಜ್ಜ ಕತ್ತೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಕನ್ನಡಕ ಏರಿಸಿ, ಬೋರ್ಡಿಗೆ ಮೂಗು ತಾಗಿಸಿ ನೋಡಿದರು. ಒಂದೊಂದೇ ಅಕ್ಷರ ಪರೀಕ್ಷಿಸಿ ತಿರುಗಿದರು.

"ತಪ್ಪು ಮೂಲದಲ್ಲೇ ಇದೆ," ಎಂದು ಅವರು ತೀರ್ಪು ಕೊಟ್ಟರು. "ನಕಲು ಶುದ್ಧ!"

ಎಲ್ಲರೂ ಟೀಚರನ್ನು ನೋಡಿದರು. ಟೀಚರ್ ಬೋರ್ಡು ನೋಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ತುಟಿ ಅದುರಿತು, ಕೊನೆಗೆ ತಡೆಯಲಾರದೆ ಮೇಜು ಹಿಡಿದುಕೊಂಡು ನಗತೊಡಗಿದರು. ಅವರು ನಗುವುದನ್ನು ಮಕ್ಕಳು ಕಂಡದ್ದು ಅದೇ ಮೊದಲು.

"ನಿನ್ನೆ ಬೆಳಗಿಂದ ಒತ್ತಕ್ಷರದ ಪಾಠ," ಎಂದರು ಕಣ್ಣೊರೆಸಿಕೊಂಡು. "ಅತ್ತೆ, ಬುತ್ತಿ, ಕುತ್ತಿಗೆ ಅಂತ ಬರೆಸಿ ಬರೆಸಿ ಕೈಯೇ ಒತ್ತು ಹಾಕ್ಬಿಟ್ಟಿದೆ. ಉಳಿದೋರೆಲ್ಲ ಅರ್ಧ ನೋಡಿ ಅರ್ಧ ಊಹೆ ಮಾಡಿ ಬರ್ಕೊಂಡ್ರಿ. ಇದ್ದಿದ್ದನ್ನ ಇದ್ದಹಾಗೆ ನೋಡಿದೋಳು ಇವಳೊಬ್ಳೇ." ಆಮೇಲೆ ಗುಬ್ಬಿಯ ಮುಂದೆ ಬಗ್ಗಿ ಹೇಳಿದರು, "ತಪ್ಪು ನಂದು. ನೀನೇ ತಿದ್ದಿಬಿಡು."

ಗುಬ್ಬಿ ತುದಿಗಾಲಲ್ಲಿ ನಿಂತು, ಹೆಬ್ಬೆರಳಿಂದ ಆ ಒತ್ತನ್ನು ಒರೆಸಿದಳು. ಅದೊಂದೇ, ಸುತ್ತಮುತ್ತಲ ಅಕ್ಷರಕ್ಕೆ ಬೆರಳು ಸೋಕಲಿಲ್ಲ. ಅಪ್ಪ ಕತ್ತೆಯ ಕಿವಿಯ ಹಿಂದೆ ಮುಖ ಮರೆಸಿಕೊಂಡ. ಇಷ್ಟು ಸಂತೋಷ ಅವನಿಗೆ ಮಗಳು ಹುಟ್ಟಿದ ದಿನ ಬಿಟ್ಟರೆ ಇನ್ನೆಂದೂ ಆಗಿರಲಿಲ್ಲ.

ಕತೆಯ ಸರದಿ ಬಂದಾಗ ಅವನ ಹತ್ತಿರ ಕತೆಯೇ ಇರಲಿಲ್ಲ. ಕತ್ತೆ ಸಿಕ್ಕಿದ ಬಗೆಯನ್ನೇ ಹೇಳಿದ. ಮಕ್ಕಳು ಇನ್ನೊಮ್ಮೆ ಎಂದರು, ಇನ್ನೊಮ್ಮೆ ಹೇಳಿದ. ರಾಜಕುಮಾರರ ಕತೆ ತಂದಿದ್ದ ಅಪ್ಪಂದಿರನ್ನು ಕೇಳುವವರೇ ಇಲ್ಲವಾದರು. ಕರಡಜ್ಜ ನಡುನಡುವೆ ವ್ಯಾಕರಣ ತಿದ್ದಿದರು. ಕತ್ತೆ ಒಮ್ಮೆ ಬಾಯಿ ಬಿಟ್ಟಾಗ ಅವರಿಗೂ ತಿದ್ದಲು ಏನೂ ಸಿಗಲಿಲ್ಲ.

ಮನೆಗೆ ಹೊರಡುವ ಮುಂಚೆ ಟೀಚರ್ ಗುಬ್ಬಿಯ ಬೆನ್ನು ತಟ್ಟಿ ಎಲ್ಲರಿಗೂ ಹೇಳಿದರು: "ಇನ್ನು ಮೇಲೆ ಏನು ತರಬೇಕು ಅಂತ ಸಂದೇಹ ಬಂದ್ರೆ ಗುಬ್ಬಿ ಬರ್ಕೊಂಡಿದ್ದನ್ನ ನೋಡಿ. ಅದೇ ಸರಿ." ಅಪ್ಪಂದಿರೆಲ್ಲ ತಲೆಯಾಡಿಸಿದರು. ಗುಬ್ಬಿಯ ಅಪ್ಪ ಎಲ್ಲರಿಗಿಂತ ಜೋರಾಗಿ ಆಡಿಸಿದ.

ಕತ್ತೆಯನ್ನು ತಾತನಿಗೆ ಒಪ್ಪಿಸಿ, ಅಪ್ಪ ಮಗಳು ಕೈ ಹಿಡಿದುಕೊಂಡು ಮನೆಯ ದಾರಿ ಹಿಡಿದಾಗ ಅಪ್ಪನ ಜೇಬಿನಲ್ಲಿ ಮೊಬೈಲು ಬಿಡುವಿಲ್ಲದೆ ಗುಯ್ಗುಡತೊಡಗಿತು. ಪೋಷಕರ ಗುಂಪು. ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದರು: "ಸಾರ್, ಗುಬ್ಬಿ ಬರೆದಿದ್ದನ್ನೇ ನಮ್ಮ ಹುಡುಗನೂ ಬರ್ಕೊಂಡಿದಾನೆ. ಇದು ಎಲ್ಲಿ ಸಿಗುತ್ತೆ?" "ನಿಮಗೆ ಗೊತ್ತಿರೋರು ಯಾರಾದ್ರೂ ಇದಾರಾ ಸಾರ್?" "ಒಂದನ್ನೇ ಎಲ್ಲರೂ ಸೇರಿ ತಂದ್ರೆ ನಡೆಯುತ್ತಾ?"

"ಗುಬ್ಬಿ, ಇವತ್ತು ಬೋರ್ಡ್ ಮೇಲೆ ಏನಾದ್ರೂ ಬರೆದಿದ್ರಾ?"

"ಹೂಂ! ಅಪ್ಪಂದಿರೆಲ್ಲ ಹೊರಗೆ ಹೋದ್ಮೇಲೆ, ಸೋಮವಾರದ ಪಾಠಕ್ಕೆ. ನಾನೇ ಮೊದಲು ಬರ್ಕೊಂಡೆ, ಆಮೇಲೆ ಎಲ್ಲಾರೂ ನನ್ನ ನೋಡಿ ಬರ್ಕೊಂಡ್ರು. ಟೀಚರ್ ಆಗಲೇ ಅಳಿಸಿಬಿಟ್ರು." ಅವಳು ಚೀಟಿ ಬಿಡಿಸಿ, ರಸ್ತೆಯಲ್ಲೇ ನಿಂತು ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ. "ಸೋಮವಾರ ಮನೆಯಿಂದ ಹುಲಿ ತರಬೇಕು."

ಅಪ್ಪ ಚೀಟಿ ನೋಡಿದ. ಅದು 'ಲಿ'ಯೇ ಆಗಿತ್ತು. 'ಳಿ' ಆಗಿರಬಹುದೇ ಎಂದು ಹಾಳೆಯನ್ನು ಅತ್ತ ತಿರುಗಿಸಿ ನೋಡಿದ, ಇತ್ತ ತಿರುಗಿಸಿ ನೋಡಿದ. ಬೆಳಿಗ್ಗೆಯಾದರೆ ಮಗಳ ಕೈ ತಪ್ಪಿದೆ ಎಂದುಕೊಳ್ಳಬಹುದಿತ್ತು. ಈಗ ಟೀಚರ ಕೈ ತಪ್ಪಿರಲೂಬಹುದು. ಬೋರ್ಡು ಮಾತ್ರ ಒರೆಸಿ ಆಗಿತ್ತು.

"ಪುಟ್ಟಾ," ಎಂದ ಅಪ್ಪ, ಆ ಅಕ್ಷರದ ಮೇಲೆ ಬೆರಳಿಟ್ಟು. "ಇದು..."

ಗುಬ್ಬಿ ತಲೆ ಎತ್ತಿ ನೋಡಿದಳು. ಇಡೀ ಕ್ಲಾಸು ತನ್ನ ಚೀಟಿ ನೋಡಿ ಬರೆದುಕೊಂಡ ಖುಷಿ ಅವಳ ಮುಖದ ತುಂಬ ಇತ್ತು.

"ಏನಪ್ಪಾ? ತರ್ತೀಯಾ?"

"ತರ್ತೀನಿ ಮಗಳೇ," ಎಂದ ಅಪ್ಪ, ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತ. "ಎಷ್ಟು ದೊಡ್ಡದು ಅಂತ ಏನಾದ್ರೂ ಬರೆದಿದ್ರಾ?"